ಕನ್ನಡಿಯಮ್ಮನ ಏಳನೆಯ ಕೂಸು

ಆ ಊರು ಎಲ್ಲಿದೆ ಎಂದು ಕೇಳಿದರೆ ದಾರಿ ಹೇಳಲು ನನಗೆ ಬಾರದು. ನನಗೆ ಗೊತ್ತಿರುವುದಿಷ್ಟು, ಅಲ್ಲಿ ಕನ್ನಡಿ ಇರಲಿಲ್ಲ. ಕನ್ನಡಿ ಮಾತ್ರವಲ್ಲ, ಮುಖ ಕಾಣಿಸುವಂಥದ್ದು ಯಾವುದೂ ಇರಲಿಲ್ಲ. ಬಾವಿಯ ಮೇಲೆ ಹಲಗೆ, ಕೊಡದ ಮೇಲೆ ಬಟ್ಟೆ, ಹಿತ್ತಾಳೆ ಪಾತ್ರೆಗಳಿಗೆ ಒಳಗೂ ಹೊರಗೂ ಮಸಿ. ಮಳೆ ನಿಂತ ಮೇಲೆ ಬೀದಿಯ ಗುಂಡಿಗಳಲ್ಲಿ ನಿಂತ ನೀರನ್ನು ಕಲಕಲು ಇಬ್ಬರು ಆಳುಗಳಿದ್ದರು. ಉದ್ದನೆಯ ಕೋಲು ಹಿಡಿದು ಗುಂಡಿಯಿಂದ ಗುಂಡಿಗೆ ಓಡುವುದೇ ಅವರ ಕೆಲಸ.

ಹಾಗಾದರೆ ಮಕ್ಕಳಿಗೆ ತಾವು ಯಾರೆಂದು ತಿಳಿಯುವುದು ಹೇಗೆ? ಅದಕ್ಕೆ ಮನುಷ್ಯರೇ ಕನ್ನಡಿಗಳಾಗಿದ್ದರು. ಮೂರು ವರ್ಷ ತುಂಬಿದ ಕೂಸನ್ನು ತಂದು ಒಬ್ಬರ ಎದುರು ಜಗಲಿಯ ಮೇಲೆ ಕೂರಿಸುವರು. ಹೆಣ್ಣು ಕೂಸಿಗೆ ಒಬ್ಬ ಹೆಂಗಸು, ಗಂಡು ಕೂಸಿಗೆ ಒಬ್ಬ ಗಂಡಸು. ಹೊತ್ತು ಮೂಡಿದಾಗಿನಿಂದ ನೆತ್ತಿಯ ಮೇಲೆ ಬರುವತನಕ ಕನ್ನಡಿ ಏನು ಮಾಡುತ್ತದೋ ಕೂಸು ಅದನ್ನೇ ಮಾಡಬೇಕು. ಏಳು ತುಂಬುವವರೆಗೆ ಹೀಗೆ. ಮಾತು ಕೂಡದು. ಇದು ಮಾಡು, ಅದು ಬೇಡ ಎಂದು ಬಾಯಿ ಬಿಟ್ಟು ಹೇಳುವುದು ಆ ಊರಿನಲ್ಲಿ ಮಹಾ ಅಪರಾಧ.

"ನಾವು ಮಕ್ಕಳಿಗೆ ಏನನ್ನೂ ಹೇಳಿಕೊಡೋದಿಲ್ಲ. ಎಲ್ಲ ತಾನಾಗಿ ಬರುತ್ತೆ," ಎಂದು ಊರಿನವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಹೇಳಿಕೊಡುತ್ತಿರಲಿಲ್ಲ, ಅದು ನಿಜವೇ.

ಹೆಣ್ಣು ಕೂಸುಗಳ ಕನ್ನಡಿಗಳಲ್ಲಿ ಬಹಳ ಹೆಸರು ಮಾಡಿದವಳೊಬ್ಬಳಿದ್ದಳು. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕನ್ನಡಿಯಮ್ಮ ಎಂದೇ. ಇಪ್ಪತ್ತೆಂಟು ವರ್ಷ ಅದೇ ಜಗಲಿಯಲ್ಲಿ ಕೂತು ಆರು ಕೂಸುಗಳನ್ನು ದಾಟಿಸಿದ್ದಳು. ಮಂಡಿ ಜೋಡಿಸಿ ಕೂರುವುದು, ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುವುದು, ಉಂಡವರ ತಟ್ಟೆ ನೋಡಿ ತನ್ನ ಹಸಿವು ಎಷ್ಟೆಂದು ತೀರ್ಮಾನಿಸುವುದು, ಇವೆಲ್ಲ ಅವಳಲ್ಲಿ ಎಷ್ಟು ಸಲೀಸಾಗಿ ಬರುತ್ತಿದ್ದವೆಂದರೆ ನೋಡಿದವರಿಗೆ ಅವಳು ಹುಟ್ಟಿದ್ದೇ ಹಾಗೆ ಅನ್ನಿಸಬೇಕು.

ಅವಳ ಬಗ್ಗೆ ಒಂದು ತಮಾಷೆಯ ಸಂಗತಿ ಇದೆ. ಮೊದಲನೆಯ ಕೂಸು ಅವಳೆದುರು ಕೂತಿದ್ದ ವರ್ಷ ಅವಳಿಗೆ ಕಣ್ಣುಬೇನೆ ಬಂದು ಎಡಗಣ್ಣು ಊದಿಕೊಂಡಿತ್ತು. ನಕ್ಕರೆ ಆ ಕಣ್ಣು ಮುಚ್ಚಿಹೋಗುತ್ತಿತ್ತು. ಕೂಸೂ ಎಡಗಣ್ಣು ಮುಚ್ಚಿ ನಗಲು ಕಲಿಯಿತು. ಅದನ್ನು ನೋಡಿ ಅದರ ಗೆಳತಿಯರು ಕಲಿತರು. ಕನ್ನಡಿಯಮ್ಮನ ಕಣ್ಣು ಹದಿನೈದು ದಿನಕ್ಕೆ ವಾಸಿಯಾಯಿತು, ಆದರೆ ಇವತ್ತಿಗೂ ಆ ಊರಿನ ಅರ್ಧ ಹೆಂಗಸರು ಎಡಗಣ್ಣು ಮುಚ್ಚಿಯೇ ನಗುವುದು. ಅದು ಹೆಣ್ಣಿನ ಹುಟ್ಟುಗುಣ ಎಂದು ಹಿರಿಯರು ಹೇಳುತ್ತಾರೆ.

ಈಗ ಅವಳೆದುರು ಕೂತಿದ್ದುದು ಏಳನೆಯ ಕೂಸು. ಆ ಮೊದಲನೆಯ ಕೂಸು ಬೆಳೆದು, ಮದುವೆಯಾಗಿ, ಹೆತ್ತ ಮಗಳೇ ಇದು. ಮುಂದಿನ ಎರಡು ಹಾಲುಹಲ್ಲು ಬಿದ್ದು ಬಾಯಲ್ಲಿ ಒಂದು ಕಿಟಕಿ ತೆರೆದಿತ್ತು. ಇನ್ನು ನಲವತ್ತು ದಿನಕ್ಕೆ ಅದರ ನೋಟ.

ನೋಟ ಎಂದರೆ ಪರೀಕ್ಷೆ. ಏಳು ತುಂಬಿದ ಕೂಸು ಊರ ನಡುವಿನ ಕಲ್ಲುಚಪ್ಪಡಿಯ ಮೇಲೆ ನಿಂತು ಕಲಿತದ್ದನ್ನೆಲ್ಲ ಮಾಡಿ ತೋರಿಸಬೇಕು. ನೋಡಿ ತೀರ್ಪು ಕೊಡುವವಳು ನೋಟದಜ್ಜಿ. ಸರಿಯಿದ್ದರೆ ಅವಳು ಕೂಸಿನ ಮಣಿಕಟ್ಟಿಗೆ ದಾರ ಕಟ್ಟುತ್ತಾಳೆ. ದಾರ ಬಿದ್ದ ಕೂಸನ್ನು ಆಮೇಲೆ ಯಾರೂ ಶಿಕ್ಷಿಸುವಂತಿಲ್ಲ. ಅದಾದ ಮೇಲೆ ಕೊನೆನೋಟ: ಕನ್ನಡಿಯೂ ಕೂಸೂ ಒಮ್ಮೆ ಎದುರುಬದುರು ನಿಲ್ಲಬೇಕು, ಆಗ ಕಂಡ ಮುಖವೇ ಕೂಸಿಗೆ ಸಾಯುವತನಕ ಸ್ವಂತ ಮುಖ. ತಪ್ಪಾದರೆ ಮಾತ್ರ ದಾರವಿಲ್ಲ. ಕನ್ನಡಿ ಒಡೆದಿದೆ ಎಂದು ಸಾರಿ, ಇಬ್ಬರ ಮುಖಕ್ಕೂ ಬಟ್ಟೆ ಹೊದಿಸಿ ಬೆನ್ನುಮನೆಗೆ ಕಳಿಸುತ್ತಾರೆ. ಬೆನ್ನುಮನೆಯಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿ ಕೂರಬೇಕು. ಯಾರ ಮುಖವೂ ಯಾರಿಗೂ ಕಾಣದು. ಅಲ್ಲಿ ಒಂದು ವರ್ಷ ಕಳೆದ ಮಕ್ಕಳು ಕರೆದರೆ ತಿರುಗುವುದನ್ನೂ ಮರೆಯುತ್ತವೆಯಂತೆ.

ಅವತ್ತು ಬೆಳಿಗ್ಗೆ ಕಟ್ಟಿಗೆ ಹಸಿಯಿತ್ತು. ಜಗಲಿಯ ಮೂಲೆಯ ಒಲೆಗೆ ಕನ್ನಡಿಯಮ್ಮ ಬಾಗಿ, ತುಟಿ ದುಂಡಗೆ ಮಾಡಿ ಊದುತ್ತಿದ್ದಳು. ಬೆಂಕಿ ಊದಲು ಹೆಂಗಸು ತುಟಿ ದುಂಡಗೆ ಮಾಡಬಹುದು, ಅದಕ್ಕೆ ಅಡ್ಡಿಯಿಲ್ಲ. ಹೊಗೆ ಕಣ್ಣಿಗೆ ಹೊಡೆಯಿತು, ಮನಸ್ಸು ಎಲ್ಲಿಗೋ ಹೋಯಿತು, ಊದು ಹೋಗಿ ಸಿಳ್ಳೆಯಾಯಿತು. ಎರಡೇ ಸ್ವರ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಅವಳ ಅಪ್ಪ ಆಡು ಕಾಯುವಾಗ ಹಾಕುತ್ತಿದ್ದ ಸಿಳ್ಳೆ ಅದು. ಅವನ ಹೆಗಲ ಮೇಲೆ ಕೂತು ಅವಳೂ ಹಾಕುತ್ತಿದ್ದಳು, ಮೂರು ತುಂಬುವ ಮೊದಲು. ಜಗಲಿಗೆ ಬಂದ ಮೇಲೆ ಅದನ್ನು ನುಂಗಿದ್ದಳು. ನಲವತ್ತು ವರ್ಷ ಹೊಟ್ಟೆಯೊಳಗೆ ಮಲಗಿದ್ದದ್ದು ಹಸಿ ಕಟ್ಟಿಗೆಯ ನೆಪದಲ್ಲಿ ಎದ್ದು ಹೊರಗೆ ಬಂತು. ಹೆಂಗಸು ಸಿಳ್ಳೆ ಹಾಕುವುದೆಂದರೆ ಆ ಊರಿನಲ್ಲಿ ಮನೆಗೆ ಬೆಂಕಿ ಇಟ್ಟಂತೆ.

ಕನ್ನಡಿಯಮ್ಮ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಉಸಿರು ಬಿಟ್ಟು ಇತ್ತ ತಿರುಗಿದರೆ, ಕೂಸು ತುಟಿ ದುಂಡಗೆ ಮಾಡಿತ್ತು. ಬಿದ್ದ ಹಲ್ಲುಗಳ ಸಂದಿಯಿಂದ ಅರ್ಧ ಗಾಳಿ ಅರ್ಧ ದನಿಯಾಗಿ ಬಂತು, ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಇನ್ನು ಬಾಯಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಎಂದುಕೊಂಡಳು. ಆದರೆ ಹೆದರಿದಷ್ಟೂ ಅದು ನಾಲಿಗೆಯ ತುದಿಗೇ ಬಂದು ಕೂರುತ್ತಿತ್ತು. ಅಕ್ಕಿ ಆರಿಸುವಾಗ ತುಟಿ ತಾನಾಗಿ ದುಂಡಗಾಗುತ್ತಿತ್ತು, ಅವಳು ಥಟ್ಟನೆ ಕೈ ಅಡ್ಡ ಹಿಡಿಯುತ್ತಿದ್ದಳು, ಬಾಗಿಲ ಕಡೆ ನೋಡುತ್ತಿದ್ದಳು. ಎದುರಿಗೆ ಕೂಸೂ ತುಟಿ ದುಂಡಗೆ ಮಾಡಿ, ಕೈ ಅಡ್ಡ ಹಿಡಿದು, ಬಾಗಿಲ ಕಡೆ ನೋಡುತ್ತಿತ್ತು. ಕನ್ನಡಿಯಮ್ಮ ನೀರು ತರಲು ಒಳಗೆ ಹೋದರೆ ಸಾಕು, ಹಿಂದಿನಿಂದ ಸಣ್ಣಗೆ ಸಿಳ್ಳೆ ಕೇಳಿಸುತ್ತಿತ್ತು.

ಹತ್ತು ದಿನ ತಡೆದಳು. ಹನ್ನೊಂದನೆಯ ದಿನ ಕಟ್ಟಳೆ ಮುರಿದು ಬಾಯಿ ಬಿಟ್ಟಳು.

"ಬೇಡ ಕಣವ್ವ."

ಕೂಸು ಬೆಚ್ಚಿತು. ನಾಲ್ಕು ವರ್ಷದಲ್ಲಿ ಜಗಲಿಯ ಮೇಲೆ ಅದು ಕೇಳಿದ ಮೊದಲ ಮಾತು ಅದು. "ಏನು ಬೇಡ?" ಎಂದಿತು.

"ಅದೇ."

"ಯಾವುದು?"

ಹೆಸರು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. "ಬಾಯಲ್ಲಿ ಮಾಡ್ತೀಯಲ್ಲ, ಅದು. ಮಾಡಬಾರದು."

"ನೀವು ಮಾಡಿದ್ರಲ್ಲ."

"ನಾನು ಮಾಡಿಲ್ಲ."

"ಮಾಡಿದ್ರಿ. ಒಲೆ ಹತ್ರ. ನಾನು ನೋಡ್ದೆ." ಕೂಸು ಅವಳ ಮುಖವನ್ನೇ ನೋಡಿ, "ಆಗ ನಿಮ್ಮ ಮುಖ ಎಷ್ಟು ಚೆನ್ನಾಗಿತ್ತು ಗೊತ್ತಾ?" ಎಂದು ಕೇಳಿತು.

ಕನ್ನಡಿಯಮ್ಮನಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಅವಳ ಮುಖ ಹೇಗಿದೆಯೆಂದು ಈವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಕಣ್ಣಿಗೆ ಬಂದ ನೀರನ್ನು ಸೆರಗಿನಿಂದ ಒತ್ತಿಕೊಂಡಳು. ಕೂಸೂ ತನ್ನ ಲಂಗದ ಅಂಚಿನಿಂದ ಒಣಗಿದ ಕಣ್ಣನ್ನು ಒತ್ತಿಕೊಂಡಿತು.

ಮಧ್ಯಾಹ್ನ ಕೂಸು ಮನೆಗೆ ಹೋದ ಮೇಲೆ ಅವಳು ಎದುರು ಜಗಲಿಗೆ ಹೋದಳು. ಅಲ್ಲಿ ಕೂರುತ್ತಿದ್ದವನು ಕನ್ನಡಿಯಪ್ಪ, ಗಂಡು ಕೂಸುಗಳ ಕನ್ನಡಿ. ಮೂರು ತಿಂಗಳ ಹಿಂದೆ ಅವನ ಹೆಂಡತಿ ತೀರಿಹೋಗಿದ್ದಳು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆಯೇ ಅವನು ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ ಜಗಲಿಯ ಮೇಲೆ ಕೂತಿದ್ದ. ಎದುರಿಗೆ ಕೂತಿದ್ದ ಹುಡುಗನಿಗೆ ಆ ಮುಖದಲ್ಲಿ ಒಂದು ಗೆರೆಯೂ ಅಲುಗಿದ್ದು ಕಾಣಲಿಲ್ಲ. ಭಲೆ ಗಂಡಸು ಎಂದು ಊರಿಗೆ ಊರೇ ಹೊಗಳಿತ್ತು.

"ಅಣ್ಣಾ," ಎಂದಳು ಕನ್ನಡಿಯಮ್ಮ, "ಒಳಗಿರೋದು ಹೊರಗೆ ಬರೋ ಹಾಗಾದರೆ ನೀನು ಏನು ಮಾಡ್ತೀಯ?"

ಅವನು ಅತ್ತಿತ್ತ ನೋಡಿದ. ಆಮೇಲೆ ಬಾಯಿಗೆ ಬೆರಳು ಹಾಕಿ ದವಡೆಯ ಸಂದಿಯಿಂದ ಏನನ್ನೋ ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಹುಣಸೆಬೀಜದಷ್ಟು ದೊಡ್ಡ ಹರಳುಕಲ್ಲು, ಎಂಜಲಿನಲ್ಲಿ ನೆಂದು ನುಣುಪಾಗಿತ್ತು.

"ಮೂರು ತಿಂಗಳಿಂದ ಇಟ್ಕೊಂಡಿದೀನಿ ತಂಗಿ. ಅವಳ ನೆನಪಾಗಿ ಅಳು ಬಂದಾಗೆಲ್ಲ ಇದನ್ನ ಕಚ್ತೀನಿ. ಹಲ್ಲು ನೋಯುತ್ತೆ, ಅಳು ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ?"

"ಅದು ನನಗೆ ಗೊತ್ತಿಲ್ಲ," ಎಂದು ಅವನು ಕಲ್ಲನ್ನು ಮತ್ತೆ ಬಾಯಿಗೆ ಹಾಕಿಕೊಂಡ.

ಅವಳೂ ಒಂದು ಹರಳು ಹುಡುಕಿ ನಾಲಿಗೆಯ ಕೆಳಗಿಟ್ಟುಕೊಂಡಳು. ಗುಣವೇನೋ ಕಂಡಿತು. ತುಟಿ ದುಂಡಗಾಗಲು ಹೊರಟರೆ ಕಲ್ಲು ಅಡ್ಡ ಬರುತ್ತಿತ್ತು. ಎರಡು ದಿನ, ಮೂರು ದಿನ, ಜಗಲಿ ತಣ್ಣಗಿತ್ತು. ಕೂಸು ಒಳ್ಳೆಯ ಹೆಣ್ಣಾಗಿ ಮಂಡಿ ಜೋಡಿಸಿ ಕೂತಿತ್ತು. ದೇವರು ದೊಡ್ಡವನು ಎಂದುಕೊಂಡಳು ಕನ್ನಡಿಯಮ್ಮ.

ನಾಲ್ಕನೆಯ ದಿನ ಕೂಸು ಇದ್ದಕ್ಕಿದ್ದಂತೆ ಕತ್ತು ಹಿಡಿದುಕೊಂಡಿತು. ಮುಖ ನೀಲಿಗಟ್ಟಿತು, ಕಣ್ಣು ಮೇಲಾಯಿತು, ದನಿಯೇ ಇಲ್ಲ. ಕನ್ನಡಿಯಮ್ಮ ಹಾರಿ ಹೋಗಿ ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು, ಮತ್ತೆ ಗುದ್ದಿದಳು, ಅಯ್ಯೋ ನನ್ನಪ್ಪಾ ಎನ್ನುತ್ತಾ ಇನ್ನೊಂದು ಸಲ ಗುದ್ದಿದಳು. ಕೂಸಿನ ಗಂಟಲಿನಿಂದ ಏನೋ ಹಾರಿ ಜಗಲಿಯ ಮೇಲೆ ಟಣ್ಣೆಂದು ಬಿತ್ತು. ಹರಳುಕಲ್ಲು.

ಕೂಸು ಉಸಿರೆಳೆದುಕೊಂಡು ಗಟ್ಟಿಯಾಗಿ ಅತ್ತಿತು. ಕನ್ನಡಿಯಮ್ಮ ಅದನ್ನು ಎದೆಗೆ ಅವಚಿಕೊಂಡು ಕೂತಳು. ತಾನು ಬಾಯೊಳಗೆ ಬಚ್ಚಿಟ್ಟದ್ದನ್ನು ಇದು ನೋಡಿದ್ದಾದರೂ ಹೇಗೆ? ತಲೆಯೆತ್ತಿ ಬೀದಿಯಾಚೆ ನೋಡಿದಳು. ಎದುರು ಜಗಲಿಯಲ್ಲಿ ಕನ್ನಡಿಯಪ್ಪ ನೆಟ್ಟಗೆ ಕೂತಿದ್ದ, ಅವನ ಬಲಗೆನ್ನೆ ಸ್ವಲ್ಪ ಉಬ್ಬಿತ್ತು. ಅವನೆದುರು ಕೂತಿದ್ದ ಹುಡುಗನ ಬಲಗೆನ್ನೆಯೂ ಉಬ್ಬಿತ್ತು. ಕನ್ನಡಿಯಪ್ಪನಿಗೆ ಅದು ಕಂಡಿರಲಿಲ್ಲ.

ಕಲ್ಲನ್ನು ಅವಳು ಅವತ್ತೇ ಬಿಸಾಡಿದಳು. ಆದರೆ ಸಿಳ್ಳೆ ಕೂಡ ಮತ್ತೆ ಕೇಳಿಸಲಿಲ್ಲ. ಕೂಸು ಬದಲಾಗಿತ್ತು. ಸಣ್ಣ ಸದ್ದಾದರೂ ಭುಜ ಕುಗ್ಗಿಸಿ, ಅಂಗೈಯಿಂದ ಬಾಯಿ ಮುಚ್ಚಿ, ಬಾಗಿಲ ಕಡೆ ನೋಡುತ್ತಿತ್ತು. ಈಗ ಕನ್ನಡಿಯಮ್ಮ ಏನೂ ಮಾಡದಿದ್ದರೂ ಅದು ಮಾಡುತ್ತಿತ್ತು.

ನೋಟಕ್ಕೆ ಎರಡು ದಿನ ಇದೆ ಎನ್ನುವಾಗ ಕೂಸಿನ ತಾಯಿ ಎಲೆಯಡಿಕೆ ಹಿಡಿದು ಬಂದಳು. "ಕನ್ನಡಿಯಮ್ಮ, ನಿಮ್ಮ ಕೈಗುಣ ದೊಡ್ಡದು," ಎಂದು ಎಡಗಣ್ಣು ಮುಚ್ಚಿ ನಕ್ಕಳು. "ನಮ್ಮ ಕೂಸು ಮನೇಲಿ ಬಾಯಿಂದ ಕೈ ತೆಗೆಯೋದೇ ಇಲ್ಲ. ಯಾರಾದ್ರೂ ಬಂದ್ರೆ ಮೂಲೆ ಸೇರಿಬಿಡುತ್ತೆ. ನಿದ್ದೇಲಿ ಕೂಡ ಬೆಚ್ಚುತ್ತೆ. ಎಂಥ ನಾಚಿಕೆ, ಎಂಥ ಮರ್ಯಾದೆ! ನನಗೂ ಇಷ್ಟು ಬಂದಿರಲಿಲ್ಲ."

ಕನ್ನಡಿಯಮ್ಮ ಎಲೆಯಡಿಕೆ ತೆಗೆದುಕೊಂಡಳು. ಆ ಮುಚ್ಚಿದ ಎಡಗಣ್ಣನ್ನೇ ನೋಡುತ್ತ ನಿಂತಳು, ಅದು ತನ್ನ ಕಣ್ಣುಬೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ನೋಟದ ದಿನ ಊರೆಲ್ಲ ಚಪ್ಪಡಿಯ ಸುತ್ತ ಸೇರಿತು. ಮುಂದಿನ ಸಾಲಿನಲ್ಲಿ ಮಕ್ಕಳು, ಮುಂದೆ ತಾವೂ ನಿಲ್ಲಬೇಕಾದವು. ಕನ್ನಡಿಯಪ್ಪನೂ ಅವನ ಹುಡುಗನೂ ಅಲ್ಲೇ ಇದ್ದರು. ಕಲಕುವ ಆಳುಗಳು ಕೋಲು ಹಿಡಿದು ಒಂದು ಕಡೆ, ಮುಖಕ್ಕೆ ಹೊದಿಸುವ ಕಪ್ಪು ಬಟ್ಟೆ ಹಿಡಿದ ಇಬ್ಬರು ಇನ್ನೊಂದು ಕಡೆ. ನಡುವೆ ನೋಟದಜ್ಜಿ ಎತ್ತರದ ಮಣೆಯ ಮೇಲೆ ಕೂತಿದ್ದಳು.

ಕೂಸು ಮಂಡಿ ಜೋಡಿಸಿ ಕೂತಿತು. ಎದ್ದು ಕೊಡ ಎತ್ತಿತು. ಎದುರು ಬಂದ ಗಂಡಸಿಗೆ ದಾರಿ ಬಿಟ್ಟಿತು. ಒಂದೊಂದಕ್ಕೂ ಜನ ಹೂಂಗುಟ್ಟಿದರು. ಆಮೇಲೆ ಒಲೆ. ಹಿಂದಿನ ದಿನ ಮಳೆ ಬಂದಿತ್ತು, ಕಟ್ಟಿಗೆ ಹಸಿಯಿತ್ತು. ಕೂಸು ಬಾಗಿ ತುಟಿ ದುಂಡಗೆ ಮಾಡಿತು. ಕನ್ನಡಿಯಮ್ಮ ಕಣ್ಣು ಮುಚ್ಚಿದಳು. ಬರೀ ಗಾಳಿ, ಮತ್ತೆ ಗಾಳಿ. ಕಣ್ಣು ಬಿಟ್ಟಾಗ ಒಲೆ ಹತ್ತಿಕೊಂಡಿತ್ತು.

ನೋಟದಜ್ಜಿ ಕೊನೆಯ ಪ್ರಶ್ನೆ ಕೇಳಿದಳು. ಎಲ್ಲ ಕೂಸುಗಳಿಗೂ ಕೇಳುವ ಪ್ರಶ್ನೆ ಅದು. "ಕೂಸೇ, ನಿನ್ನ ಕನ್ನಡಿ ಇನ್ನೇನು ತೋರಿಸಿತು?"

ಇದಕ್ಕೆ ಮಕ್ಕಳು ಸುಮ್ಮನೆ ತಲೆಬಾಗುವುದು ರೂಢಿ. ಈ ಕೂಸು ಹಾಗೆ ಮಾಡಲಿಲ್ಲ. ಭುಜ ಕುಗ್ಗಿಸಿತು. ಅಂಗೈಯನ್ನು ಬಾಯಿಗೆ ಒತ್ತಿಕೊಂಡಿತು. ಆ ಬಯಲಿನಲ್ಲಿ ಬಾಗಿಲು ಎಲ್ಲಿಂದ ಬರಬೇಕು, ಆದರೂ ಅದು ಬಾಗಿಲಿರಬೇಕಾದ ದಿಕ್ಕಿಗೆ ತಿರುಗಿ ನೋಡಿತು. ಮತ್ತೆ ನೋಡಿತು.

ನೋಟದಜ್ಜಿ, "ಆಹಾ!" ಎಂದಳು. "ಎಪ್ಪತ್ತು ವರ್ಷದಿಂದ ನೋಡ್ತಿದೀನಿ, ಇಷ್ಟು ತುಂಬಿದ ಹೆಣ್ಣುಕೂಸನ್ನ ಕಂಡಿರಲಿಲ್ಲ. ಯಾರೂ ಇಲ್ಲದಾಗಲೂ ಯಾರೋ ಇದಾರೆ ಅನ್ನೋ ಅಂಜಿಕೆ! ಇದನ್ನ ಹೇಳಿಕೊಟ್ಟರೆ ಬರುತ್ತಾ? ಹುಟ್ಟುಗುಣ, ಹುಟ್ಟುಗುಣ!"

ಜನ ಭೇಷ್ ಎಂದರು. ಮುಂದಿನ ಸಾಲಿನಲ್ಲಿ ಒಂದು ಪುಟ್ಟ ಹುಡುಗಿ ಭುಜ ಕುಗ್ಗಿಸಿ ಅಂಗೈ ಬಾಯಿಗೆ ಒತ್ತಿಕೊಂಡು ಹಿಂದೆ ತಿರುಗಿ ನೋಡಿದಳು. ಪಕ್ಕದವಳೂ ಹಾಗೇ ಮಾಡಿದಳು. ಅವಳ ಪಕ್ಕದವಳೂ. ಸಾಲಿನ ಉದ್ದಕ್ಕೂ ಪುಟ್ಟ ಅಂಗೈಗಳು ಬಾಯಿಗೆ ಏರಿದವು, ಪುಟ್ಟ ಕತ್ತುಗಳು ಇಲ್ಲದ ಬಾಗಿಲ ಕಡೆ ತಿರುಗಿದವು.

ಕನ್ನಡಿಯಮ್ಮ ಆ ಸಾಲನ್ನು ನೋಡಿದಳು. ಕೂಸು ಉಳಿಯಿತು, ಅದು ದೊಡ್ಡ ಮಾತು. ಆದರೆ ಅವಳ ಹೆದರಿಕೆ ಅವಳ ಕಣ್ಣೆದುರೇ ಸಾಲು ಹಿಡಿದು ಹೋಗುತ್ತಿತ್ತು. ಇನ್ನು ನೂರು ವರ್ಷ ಈ ಊರಿನ ಹೆಣ್ಣುಮಕ್ಕಳು ಹೀಗೆ ಬಾಗಿಲು ನೋಡುತ್ತಾರೆ. ಯಾಕೆಂದು ಯಾರಿಗೂ ನೆನಪಿರುವುದಿಲ್ಲ.

ನೋಟದಜ್ಜಿ ಕೂಸಿನ ಮಣಿಕಟ್ಟಿಗೆ ದಾರ ಕಟ್ಟಿದಳು. ಒಂದು ಗಂಟು, ಎರಡು ಗಂಟು, ಮೂರು. ಕನ್ನಡಿಯಮ್ಮ ಮೂರನೆಯ ಗಂಟು ಬೀಳುವತನಕ ಕಾದಳು.

"ಕೊನೆನೋಟ," ಎಂದಳು ನೋಟದಜ್ಜಿ.

ಇಬ್ಬರೂ ಎದುರುಬದುರು ನಿಂತರು. ಕೂಸಿನ ಅಂಗೈ ಇನ್ನೂ ಬಾಯಿಯ ಮೇಲಿತ್ತು. ಆಗ ಕನ್ನಡಿಯಮ್ಮನಿಗೆ ತಿಳಿಯಿತು, ತನ್ನ ಅಂಗೈಯೂ ತನ್ನ ಬಾಯಿಯ ಮೇಲಿತ್ತು. ಇದೇ ಮುಖವನ್ನು ಈ ಕೂಸು ಸಾಯುವತನಕ ಹೊರಬೇಕು. ಅವಳು ಮೆಲ್ಲಗೆ ಕೈ ಇಳಿಸಿದಳು. ಕೂಸೂ ಇಳಿಸಿತು. ಭುಜ ಸಡಿಲ ಬಿಟ್ಟಳು. ಕೂಸಿನ ಭುಜವೂ ಇಳಿಯಿತು. ಬಾಗಿಲ ಕಡೆ ನೋಡಲಿಲ್ಲ. ತುಟಿ ದುಂಡಗೆ ಮಾಡಿದಳು.

ಮೊದಲು ಬರೀ ಗಾಳಿ ಬಂತು. ಮಕ್ಕಳ ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ಒಲೆ ಊದ್ತಾ ಇದಾಳೆ," ಎಂದಳು. ಆಮೇಲೆ ಸಿಳ್ಳೆ ಬಂತು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಆ ಬಯಲಿನಲ್ಲಿ ಅದು ದೊಡ್ಡದಾಗಿ ಕೇಳಿಸಿತು. ಇಡೀ ಊರಿಗೆ ಗರ ಬಡಿದಂತಾಯಿತು.

"ಒಡೆದ ಕನ್ನಡಿ!" ಎಂದು ನೋಟದಜ್ಜಿ ಮಣೆಯಿಂದ ಎದ್ದು ಕೂಗಿದಳು. ಬಟ್ಟೆ ಹಿಡಿದವರು ಓಡಿ ಬಂದರು. ಒಬ್ಬ ಕೇಳಿದ, "ಅಜ್ಜೀ, ಕೂಸನ್ನೂ ಕರಕೊಂಡು ಹೋಗಬೇಕಾ?"

ನೋಟದಜ್ಜಿ ಕೂಸಿನ ಮಣಿಕಟ್ಟು ನೋಡಿದಳು. ತಾನೇ ಹಾಕಿದ ಮೂರು ಗಂಟು. "ದಾರ ಬಿದ್ದಿದೆ," ಎಂದಳು ಕೊನೆಗೆ. "ಅವಳೊಬ್ಬಳನ್ನೇ."

ಕಪ್ಪು ಬಟ್ಟೆ ಕನ್ನಡಿಯಮ್ಮನ ಮುಖದ ಮೇಲೆ ಬಿತ್ತು. ತಲೆಯ ಹಿಂದೆ ಗಂಟು ಬಿಗಿದರು. ಇಬ್ಬರು ಎರಡು ರಟ್ಟೆ ಹಿಡಿದು ಬೆನ್ನುಮನೆಯ ದಾರಿಗೆ ತಿರುಗಿಸಿದರು. ಅವಳು ಹೆಜ್ಜೆ ಎಣಿಸಲಿಲ್ಲ, ಕಿವಿಗೊಟ್ಟಳು. ಹಿಂದೆ ಸದ್ದೇ ಇರಲಿಲ್ಲ. ಕೂಸಿನ ಕೈ ಮತ್ತೆ ಬಾಯಿಗೆ ಹೋಗಿರಬೇಕು ಎಂದುಕೊಂಡಳು. ಕಡೆಗಳಿಗೆಯಲ್ಲಿ ಸರಿಮಾಡಲು ಹೊರಟವಳು ಕೂಸನ್ನು ಇನ್ನಷ್ಟು ಹೆದರಿಸಿದೆನೇ? ಕಾಲು ಎಡವಿತು. ಹಿಡಿದವರು ಎತ್ತಿ ನಿಲ್ಲಿಸಿದರು.

ಆಗ ಹಿಂದೆ ಚಪ್ಪಡಿಯ ಮೇಲೆ ಏನೋ ಟಣ್ಣೆಂದು ಬಿತ್ತು. ಸಣ್ಣ ಕಲ್ಲಿನ ಸದ್ದು. ಸ್ವಲ್ಪ ತಡೆದು ಇನ್ನೊಂದು, ಅದಕ್ಕಿಂತ ಸಣ್ಣದು. ಅದರ ಬೆನ್ನಿಗೇ ಒಬ್ಬ ಗಂಡಸು ಬಿಕ್ಕಿಬಿಕ್ಕಿ ಅಳುವುದು ಕೇಳಿಸಿತು, ಅವನ ಜೊತೆಗೆ ಒಬ್ಬ ಹುಡುಗ ಅಳುವುದೂ. ಜನ ಗುಜುಗುಜು ಎಂದರು.

ಆ ಗುಜುಗುಜಿನ ನಡುವೆ ಅದು ಬಂತು. ಬಿದ್ದ ಹಲ್ಲುಗಳ ಸಂದಿಯಿಂದ ಗಾಳಿ ಸೋರಿಸಿಕೊಂಡು, ಅರ್ಧ ಗಾಳಿ, ಅರ್ಧ ದನಿ. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಒಂದು ಕ್ಷಣ ನಿಂತಿತು. ಮತ್ತೆ ಬಂದಾಗ ಅದು ಒಂದೇ ಬಾಯಿಯದಾಗಿರಲಿಲ್ಲ.

"ನಡಿ, ನಡಿ," ಎಂದು ರಟ್ಟೆ ಹಿಡಿದವರು ಅವಸರದಿಂದ ಎಳೆದರು. ಕನ್ನಡಿಯಮ್ಮ ನಡೆದಳು. ಕಪ್ಪು ಬಟ್ಟೆಯೊಳಗೆ ಏನೂ ಕಾಣುತ್ತಿರಲಿಲ್ಲ, ಅವಳನ್ನೂ ಯಾರೂ ನೋಡುತ್ತಿರಲಿಲ್ಲ. ಆದರೂ ತನ್ನ ಮುಖ ಈಗ ಹೇಗಿದೆಯೆಂದು ಅವಳಿಗೆ ಗೊತ್ತಿತ್ತು. ಕೂಸು ಹೇಳಿತ್ತಲ್ಲ.